ಮಾಂ ಬ್ಲಾಂ ಎದುರಿನ ಪಾಠಶಾಲೆ

ಫ್ರಾನ್ಸಿನ ಆಲ್ಪ್ಸ್ ಪರ್ವತ ಸೀಮೆಯಲ್ಲಿ, ಶಾಮೊನಿ ಕಣಿವೆಯ ಬಾಯಿಗೇ ಲೆಝೂಶ್ ಎಂಬ ಹಳ್ಳಿಯಿದೆ. ಅಲ್ಲಿನ ಗುಡ್ಡದ ಮೈಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಮರದ ಮನೆಗಳ ಒಂದು ಗುಂಪು. ಕಣ್ಣೆತ್ತಿದರೆ 4,800 ಮೀಟರಿಗೂ ಎತ್ತರದ ಮಾಂ ಬ್ಲಾಂ ಶಿಖರ. ನೋಡಿದವರು ಪ್ರವಾಸಿಗರ ತಂಗುದಾಣ ಅಂದುಕೊಂಡಾರು. ಇದು ಭೌತವಿಜ್ಞಾನದ ಶಾಲೆ. ಬೇಸಿಗೆ ಬಂತೆಂದರೆ ದೇಶದೇಶಗಳ ಸಂಶೋಧನ ವಿದ್ಯಾರ್ಥಿಗಳು ಇಲ್ಲಿಗೆ ಬಂದು, ವಾರಗಟ್ಟಲೆ ಗುರುಗಳ ಜೊತೆಗೇ ಉಂಡು, ಮಲಗಿ, ಬೆಟ್ಟ ಹತ್ತಿ, ಪಾಠ ಕೇಳುತ್ತಾರೆ.

ಇದನ್ನು ಕಟ್ಟಿದವರು ಫ್ರೆಂಚ್ ಭೌತವಿಜ್ಞಾನಿ ಸೆಸಿಲ್ ಮೊರೆತ್. 1944ರ ಜೂನ್ 6ರಂದು ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದ ದಿನ, ಅವರು ಪ್ಯಾರಿಸ್ಸಿನಲ್ಲಿ ಪರೀಕ್ಷೆ ಬರೆಯುತ್ತಿದ್ದರು. ಅದೇ ದಿನ ನಾರ್ಮಂಡಿಯ ಕಾಂ ನಗರದ ಮೇಲೆ ಬಿದ್ದ ಬಾಂಬುಗಳಿಗೆ ಅವರ ತಾಯಿ, ಸೋದರಿ, ಅಜ್ಜಿ ಮೂವರೂ ಬಲಿಯಾದರು. ಯುದ್ಧ ಮುಗಿದ ಮೇಲೆ ಡಬ್ಲಿನ್, ಕೋಪನ್‌ಹೇಗನ್, ಪ್ರಿನ್ಸ್‌ಟನ್ ಸುತ್ತಿದ ಸೆಸಿಲ್‌ಗೆ ಒಂದು ಸಂಗತಿ ಚುಚ್ಚತೊಡಗಿತು: ಹೊರಗೆ ಹೊಸ ಭೌತವಿಜ್ಞಾನ ನಾಗಾಲೋಟದಲ್ಲಿದೆ, ಫ್ರಾನ್ಸಿನ ವಿಶ್ವವಿದ್ಯಾಲಯಗಳಲ್ಲಿ ಕ್ವಾಂಟಂ ಸಿದ್ಧಾಂತವನ್ನು ಸರಿಯಾಗಿ ಹೇಳಿಕೊಡುವವರೇ ಇಲ್ಲ. ಅಷ್ಟರಲ್ಲಿ ಅಮೆರಿಕದ ಭೌತವಿಜ್ಞಾನಿ ಬ್ರೈಸ್ ಡಿವಿಟ್ ಮದುವೆಯ ಪ್ರಸ್ತಾಪವಿಟ್ಟರು. ಸೆಸಿಲ್ ಮೊದಲು ಒಲ್ಲೆ ಎಂದರು. ಪರದೇಶದವನನ್ನು ಕಟ್ಟಿಕೊಂಡು ಹೋದರೆ ತವರಿನ ಋಣ ತೀರಿಸುವುದು ಹೇಗೆ? ಫ್ರಾನ್ಸಿನಲ್ಲೊಂದು ಬೇಸಿಗೆ ಶಾಲೆ ತೆರೆಯುತ್ತೇನೆ ಎಂದು ತಮಗೆ ತಾವೇ ಷರತ್ತು ಹಾಕಿಕೊಂಡು ಆಮೇಲೆ ಒಪ್ಪಿದರು. 1951ರಲ್ಲಿ ಮದುವೆಯೂ ಆಯಿತು, ಶಾಲೆಯೂ ಶುರುವಾಯಿತು. ಆಗ ಸೆಸಿಲ್‌ಗೆ 28 ವರ್ಷ. ಬ್ರೈಸ್‌ಗೆ ನಮ್ಮ ದೇಶದ ನಂಟೂ ಇದೆ: ಫುಲ್‌ಬ್ರೈಟ್ ವೇತನದ ಮೇಲೆ ಬಂದು ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕ್ವಾಂಟಂ ಗುರುತ್ವ ಓದುವವರು ಇಂದಿಗೂ ಎದುರುಗೊಳ್ಳಲೇಬೇಕಾದ ವೀಲರ್–ಡಿವಿಟ್ ಸಮೀಕರಣದಲ್ಲಿರುವುದು ಇವರದೇ ಹೆಸರು.

ಮೊದಮೊದಲು ಪಾಠ ಎಂಟು ವಾರ ನಡೆಯುತ್ತಿತ್ತು. ಈಗ ಸಾಮಾನ್ಯವಾಗಿ ನಾಲ್ಕು. ಎರಡು ದಿನದ ಸಮ್ಮೇಳನದಲ್ಲಿ ಸಿಗದ ಲಾಭವೊಂದು ಇಲ್ಲಿದೆ. ಬೆಳಿಗ್ಗೆ ಕರಿಹಲಗೆಯ ಮುಂದೆ ತೋಚದ ಪ್ರಶ್ನೆ ಸಂಜೆ ಊಟದ ಮೇಜಿನಲ್ಲಿ ಹೊಳೆದರೆ, ಉತ್ತರಿಸಬೇಕಾದವರು ಎದುರಿಗೇ ಕೂತಿರುತ್ತಾರೆ. ಹೀಗೆ ಕೂತು ಕಲಿತ ಡಿ ಜೆನ್, ಕೊಹೆನ್-ತನ್ನೂಜಿ ಮುಂದೆ ನೊಬೆಲ್ ಪಡೆದರು. 1963ರ ಬೇಸಿಗೆ ಸಾಪೇಕ್ಷತೆಗೆ ಮೀಸಲಾಗಿತ್ತು. ಭೌತವಿಜ್ಞಾನಿಗಳಾದ ವೀಲರ್, ಪೆನ್ರೋಸ್ ಪಾಠ ಮಾಡಿದರು.

ನನ್ನನ್ನು ಹೆಚ್ಚು ಸೆಳೆಯುವುದು 1972ರ ಆಗಸ್ಟ್. ಆ ವರ್ಷದ ವಿಷಯ ಕಪ್ಪುಕುಳಿ (ಬ್ಲ್ಯಾಕ್ ಹೋಲ್). ಹಾಕಿಂಗ್, ಕಾರ್ಟರ್, ಬಾರ್ಡೀನ್, ಥಾರ್ನ್ ಪಾಠ ಮಾಡುವವರು. ಕೇಳುವವರ ಸಾಲಿನಲ್ಲಿ ಬೆಕೆನ್‌ಸ್ಟೈನ್ ಎಂಬ ತರುಣ. ಅವರ ಗುರು ವೀಲರ್ ಒಮ್ಮೆ ಅವರ ಮುಂದೆ ಒಂದು ತೊಡಕನ್ನಿಟ್ಟಿದ್ದರು. ಬಿಸಿ ಚಹಾ, ತಣ್ಣನೆಯ ಚಹಾ ಬೆರೆಸಿದರೆ ಎಲ್ಲವೂ ಉಗುರುಬೆಚ್ಚಗಾಗುತ್ತದೆ. ಜಗತ್ತಿನ ಅವ್ಯವಸ್ಥೆ, ಅಂದರೆ ಎಂಟ್ರಪಿ, ಅಷ್ಟು ಹೆಚ್ಚಿತು. ಹೆಚ್ಚಿದ್ದು ಮತ್ತೆ ಇಳಿಯದು, ಹಾಗಾಗಿ ಇದು ತಿದ್ದಲಾಗದ ತಪ್ಪು. ಆ ಲೋಟವನ್ನು ಕಪ್ಪುಕುಳಿಗೆ ಎಸೆದರೆ ತಪ್ಪಿನ ಸಾಕ್ಷ್ಯವೇ ಮಾಯವಾಗುತ್ತದಲ್ಲ? ಮಾಯವಾಗದು ಎಂದರು ಬೆಕೆನ್‌ಸ್ಟೈನ್. ಏನನ್ನೇ ನುಂಗಲಿ, ಕಪ್ಪುಕುಳಿಯ ಅಂಚಿನ ವಿಸ್ತೀರ್ಣ ಹಿಗ್ಗುತ್ತದೆ. ಆ ವಿಸ್ತೀರ್ಣವೇ ಅದರ ಎಂಟ್ರಪಿಯ ಲೆಕ್ಕ.

ಹಾಕಿಂಗ್‌ಗೆ ಇದು ಹಿಡಿಸಲಿಲ್ಲ, ಸಿಟ್ಟೇ ಬಂತು. ಎಂಟ್ರಪಿ ಇದ್ದರೆ ತಾಪವೂ ಇರಬೇಕು, ತಾಪವಿದ್ದರೆ ವಿಕಿರಣ ಹೊಮ್ಮಬೇಕು. ಬೆಳಕನ್ನೂ ಬಿಟ್ಟುಕೊಡದ ಕುಳಿಯಿಂದ ಏನು ಹೊಮ್ಮೀತು? ಲೆಝೂಶ್‌ನಲ್ಲೇ ಕೂತು ಹಾಕಿಂಗ್, ಕಾರ್ಟರ್, ಬಾರ್ಡೀನ್ ಕಪ್ಪುಕುಳಿಯ ನಾಲ್ಕು ನಿಯಮಗಳನ್ನು ಸಿದ್ಧಪಡಿಸಿದರು. ಅವು ಉಷ್ಣಶಾಸ್ತ್ರದ ನಿಯಮಗಳ ಪಡಿಯಚ್ಚಿನಂತಿದ್ದವು. ಆದರೂ ಇದು ಬರೀ ಹೋಲಿಕೆ, ಕಪ್ಪುಕುಳಿಗೆ ನಿಜವಾದ ತಾಪವಿಲ್ಲ ಎಂದೇ ಮೂವರೂ ಬರೆದರು. 1974ರಲ್ಲಿ ಕ್ವಾಂಟಂ ಲೆಕ್ಕ ಹಾಕಿ ನೋಡಿದ ಹಾಕಿಂಗ್‌ಗೆ, ಕಪ್ಪುಕುಳಿ ಸಣ್ಣಗೆ ಹೊಳೆಯುವುದು ಕಂಡಿತು. ಗೆದ್ದದ್ದು ಕೇಳುಗರ ಸಾಲಿನ ಹುಡುಗ. ಕ್ವಾಂಟಂ ಮತ್ತು ಗುರುತ್ವ ಎರಡನ್ನೂ ಒಂದೇ ನೊಗಕ್ಕೆ ಹೂಡಲು ಹೊರಟವರೆಲ್ಲ ಇವತ್ತಿಗೂ ಆ ಫಲಿತಾಂಶಕ್ಕೇ ಮರಳಿ ಬರುತ್ತಾರೆ.

ಕನ್ನಡದ ಹುಡುಗ ಹುಡುಗಿಯರು ಇಂಥ ಕಲಿಕೆಗೆ ಆಲ್ಪ್ಸ್‌ವರೆಗೆ ಹೋಗಬೇಕೆಂದೇನಿಲ್ಲ. ಬೆಂಗಳೂರಿನ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಐಸಿಟಿಎಸ್ (ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ) ಸಂಸ್ಥೆ ಗುರುತ್ವ ಅಲೆಗಳ ಬೇಸಿಗೆ ಶಾಲೆಗಳನ್ನು ನಡೆಸುತ್ತ ಬಂದಿದೆ. ಎಂಎಸ್ಸಿ ಓದುವವರು ಒಮ್ಮೆ ವಿಚಾರಿಸಲಿ ಎಂದು ನನ್ನ ಆಸೆ.

ಮತ್ತೆ ಲೆಝೂಶ್‌ಗೆ ಬಂದರೆ, ಅಲ್ಲಿನ ನೂರನೆಯ ಬೇಸಿಗೆ ಅಧಿವೇಶನ ನಡೆದದ್ದು 2013ರ ಜುಲೈನಲ್ಲಿ, ವಿಷಯ ವಿಶ್ವವಿಜ್ಞಾನ. ಅದೇ ವರ್ಷದ ಮಾರ್ಚ್‌ನಲ್ಲಷ್ಟೇ ಪ್ಲಾಂಕ್ ಉಪಗ್ರಹ, ವಿಶ್ವಕ್ಕೆ 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕಿನ ನಕ್ಷೆಯನ್ನು ಕೊಟ್ಟಿತ್ತು. ನಕ್ಷೆ ಕೈಸೇರಿ ನಾಲ್ಕು ತಿಂಗಳೊಳಗೆ ಅದನ್ನು ಮುಂದಿಟ್ಟುಕೊಂಡು ಮಾಂ ಬ್ಲಾಂ ಎದುರಿಗೆ ಪಾಠ ಶುರುವಾಗಿತ್ತು. ಸೆಸಿಲ್‌ಗೆ ಆಗ ತೊಂಬತ್ತು ವರ್ಷ.