ನಮ್ಮ ಕರಜಗಿ: ನೆಲ, ಗಡಿ ಮತ್ತು ಆಡಳಿತ

ಕರಜಗಿ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚಿವೆ. ಹಾವೇರಿಯ ಸಮೀಪ ಒಂದುಂಟು. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲೂಕಿಗೆ ಅದರ ಹೆಸರೇ ಇತ್ತು. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ ಇನ್ನೊಂದುಂಟು. ನಮ್ಮ ಕರಜಗಿಯು ಮಹಾರಾಷ್ಟ್ರ ರಾಜ್ಯದ ಸೋಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕಿಗೆ ಸೇರಿದುದು. ಆದಕಾರಣ ಊರಿನ ಹೆಸರಿನೊಡನೆ ತಾಲೂಕು, ಜಿಲ್ಲೆಗಳನ್ನು ತಪ್ಪದೆ ಬರೆಯಿರೆಂದು ಮಕ್ಕಳಿಗೆ ಹೇಳುತ್ತಿದ್ದೆ. ಆ ಪಾಠವನ್ನೇ ಸುವರ್ಣ ಮಹೋತ್ಸವದ ಈ ಸಂಚಿಕೆಗಾಗಿ ತುಸು ವಿಸ್ತರಿಸಿದ್ದೇನೆ.

ಸೋಲಾಪುರ ಜಿಲ್ಲೆಯ 11 ತಾಲೂಕುಗಳಲ್ಲಿ ಅಕ್ಕಲಕೋಟವು ಆಗ್ನೇಯದ ಅಂಚಿನಲ್ಲಿದೆ. ಪೂರ್ವಕ್ಕೆ ಕಲಬುರಗಿ ಜಿಲ್ಲೆ. ದಕ್ಷಿಣಕ್ಕೆ ಭೀಮೆಯ ಆಚೆ ವಿಜಯಪುರ ಜಿಲ್ಲೆ. ನಳದುರ್ಗದ ಕೋಟೆಯನ್ನು ಬಳಸಿ ಬರುವ ಬೋರಿ ನದಿ ಈ ತಾಲೂಕಿನಲ್ಲಿ ಹರಿದು ಭೀಮೆಯನ್ನು ಕೂಡುತ್ತದೆ. ಎರೆಭೂಮಿ, ಅನಿಶ್ಚಿತವಾದ ಮಳೆ, ಹಿಂಗಾರಿ ಜೋಳ: ಇವು ಗಡಿಯ ಎರಡೂ ಕಡೆಗೆ ಒಂದೇ.

ಗಡಿಯನ್ನು ಎಳೆದುದು ಇತಿಹಾಸ. ಭೋಸಲೆ ಮನೆತನದ ಅಕ್ಕಲಕೋಟ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಾಪುರ, ಕಲಬುರ್ಗಿಗಳು ಮೈಸೂರು ರಾಜ್ಯವನ್ನು ಸೇರಿದವು. ಸೋಲಾಪುರವು ಮುಂಬಯಿಯಲ್ಲಿಯೇ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. ಅಕ್ಕಲಕೋಟವು ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ.

ಇನ್ನು ಆಡಳಿತ. ಇದಕ್ಕೆ ಎರಡು ಸರಣಿಗಳಿವೆ. ನೀರು, ದೀಪ, ಓಣಿಯ ರಸ್ತೆ ಮೊದಲಾದವು ಪಂಚಾಯತಿಯ ಸರಣಿಗೆ ಸೇರಿದವು: ಊರಿನ ಗ್ರಾಮ ಪಂಚಾಯತಿ ಹಾಗೂ ಅದರ ಸರಪಂಚರು, ಅಕ್ಕಲಕೋಟದ ಪಂಚಾಯತ ಸಮಿತಿ, ಸೋಲಾಪುರದ ಜಿಲ್ಲಾ ಪರಿಷತ್ತು. ಹೊಲದ ವಿಷಯವು ಕಂದಾಯದ ಸರಣಿಗೆ ಸೇರಿದುದು: ನಾವು ತಲಾಠಿ ಎಂದು ಕರೆಯುತ್ತ ಬಂದ ಅಧಿಕಾರಿ, ಮಂಡಲ ಅಧಿಕಾರಿ, ಅಕ್ಕಲಕೋಟದ ತಹಶೀಲದಾರ, ಪ್ರಾಂತಾಧಿಕಾರಿ, ಸೋಲಾಪುರದ ಜಿಲ್ಲಾಧಿಕಾರಿ, ಪುಣೆಯ ವಿಭಾಗೀಯ ಆಯುಕ್ತ. ಯಾವ ಕೆಲಸಕ್ಕೆ ಯಾವ ಬಾಗಿಲೆಂಬುದನ್ನು ತಿಳಿದವನಿಗೆ ಅಲೆದಾಟ ಅರ್ಧವಾಗುತ್ತದೆ.

ಗಡಿಯಾಚೆಯ ನಮ್ಮ ಬೀಗರು ಪಹಣಿ ಎನ್ನುವ ಕಾಗದವೇ ನಮ್ಮಲ್ಲಿ ಸಾತಬಾರಾ ಉತಾರ. ಗ್ರಾಮ ನಮೂನೆ 7 ಮತ್ತು 12 ಒಂದೇ ಹಾಳೆಯಲ್ಲಿರುವುದರಿಂದ ಆ ಹೆಸರು. 7ರಲ್ಲಿ ಒಡೆತನ ಮತ್ತು ಬೋಜಾ, 12ರಲ್ಲಿ ಬೆಳೆಯ ವಿವರ. ತಂದೆಯ ನಂತರ ಮಕ್ಕಳ ಹೆಸರು ಏರುವುದು ನಮೂನೆ 6ರ ಫೇರಫಾರದಿಂದ. ಇವೆಲ್ಲವೂ ಮರಾಠಿಯಲ್ಲಿರುತ್ತವೆ. ಓದಲು ಬಾರದಿದ್ದರೆ ಅಣ್ಣನ ಪಾಲಿನಲ್ಲಿ ತಂಗಿಯ ಹೆಸರು ಬಿಟ್ಟುಹೋಗಿದ್ದರೂ, ತೀರಿಸಿದ ಸಾಲದ ಬೋಜಾ ಹಾಗೆಯೇ ಉಳಿದಿದ್ದರೂ ತಿಳಿಯುವುದಿಲ್ಲ.

ಹಾಗಾದರೆ ಕನ್ನಡ ಶಾಲೆ ಏತಕ್ಕೆ ಎಂದು ಪಾಲಕರು ಕೇಳುವುದುಂಟು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ತಾಯ್ನುಡಿಯಲ್ಲಿ ದೊರೆಯುವಂತೆ ಏರ್ಪಾಡು ಮಾಡಲು ಯತ್ನಿಸಬೇಕೆಂದು ಸಂವಿಧಾನದ 350-ಅ ಅನುಚ್ಛೇದವು 1956ರಿಂದ ಹೇಳುತ್ತಿದೆ. ತಾಯ್ನುಡಿಯಲ್ಲಿ ಅರ್ಥ ಮಾಡಿಕೊಳ್ಳಲು ಕಲಿತ ಮಗುವಿಗೆ ಮರಾಠಿಯ ಕಾಗದ ಓದುವುದು ಕಷ್ಟವಲ್ಲ. ಎರಡನ್ನೂ ಕಲಿಸೋಣ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಉತಾರವನ್ನು ಒಮ್ಮೆ ಮಕ್ಕಳಿಂದ ಓದಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಲಿ ಎಂಬುದು ನನ್ನ ವಿನಂತಿ.