ಬಿಳಿ ಬೋರ್ಡಿಗೇಕೆ ಹದಿನೈದು ವರ್ಷದ ವಿನಾಯಿತಿ?

ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದ, ಒಂದೇ ಮಾದರಿಯ ಎರಡು ಕಾರುಗಳನ್ನು ತೆಗೆದುಕೊಳ್ಳಿ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಸುಸ್ಥಿತಿ ಪ್ರಮಾಣಪತ್ರ) ಮಾಡಿಸಬೇಕು. ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ. ಬಿಳಿ ಬೋರ್ಡಿನ ಸ್ವಂತ ಕಾರಿಗೆ 15 ವರ್ಷ ತುಂಬುವವರೆಗೆ ಹೊಗೆ ತಪಾಸಣೆಯ ಚೀಟಿಯೊಂದಿದ್ದರೆ ಸಾಕು. ಆ ಚೀಟಿ ಬ್ರೇಕಿನ ಬಗ್ಗೆಯಾಗಲಿ ಸ್ಟಿಯರಿಂಗ್ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ. 15 ತುಂಬಿದಾಗ ಆರ್‌ಟಿಒದಲ್ಲಿ ಒಮ್ಮೆ ಪಾಸಾಗಿ ಆರ್‌ಸಿ ನವೀಕರಿಸಿಕೊಂಡರೆ ಮತ್ತೆ ಐದು ವರ್ಷ ಕೇಳುವವರಿಲ್ಲ. ಟ್ಯಾಕ್ಸಿ ಹೆಚ್ಚು ಓಡುತ್ತದೆ, ಬಾಡಿಗೆ ಕೊಟ್ಟು ಕೂತವರ ಹೊಣೆ ಅದರ ಮೇಲಿದೆ ಎನ್ನುವುದು ಸರಿಯೇ. ಆದರೆ ನಿಂತ ಕಾರೂ ಸವೆಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಟೈರಿನ ರಬ್ಬರು ಬಿರಿಯುತ್ತದೆ, ಕರಾವಳಿಯ ಉಪ್ಪುಗಾಳಿ ತಳದ ತಗಡನ್ನು ತಿನ್ನುತ್ತದೆ. ಎದುರಿಗೆ ಬರುವ ಬೈಕ್ ಸವಾರನಿಗೆ ಬೋರ್ಡಿನ ಬಣ್ಣದಿಂದ ಆಗುವ ವ್ಯತ್ಯಾಸವೇನೂ ಇಲ್ಲ.

ಬ್ರಿಟನ್ ಈ ಪ್ರಶ್ನೆಯನ್ನು ಎಂದೋ ಎದುರಿಸಿತು. 1960ರಲ್ಲಿ ಅಲ್ಲಿ ಎಂಒಟಿ ಎಂಬ ವಾಹನ ಸುಸ್ಥಿತಿ ಪರೀಕ್ಷೆ ಶುರುವಾದಾಗ ಹತ್ತು ವರ್ಷದ ಕಾರುಗಳಿಗಷ್ಟೇ ಅದು ಕಡ್ಡಾಯವಾಗಿತ್ತು. ಮರುವರ್ಷವೇ ಆ ಮಿತಿ ಏಳಕ್ಕಿಳಿಯಿತು, 1967ರಲ್ಲಿ ಮೂರಕ್ಕೆ. ಅಲ್ಲಿಂದಾಚೆ ವರ್ಷಕ್ಕೊಮ್ಮೆ ಪರೀಕ್ಷೆ. ಅದೇ ದೇಶ 2018ರಿಂದ, ಹೆಚ್ಚಿನ ಮಾರ್ಪಾಡಿಲ್ಲದ ನಲವತ್ತು ವರ್ಷ ಮೀರಿದ ಕಾರುಗಳನ್ನು ಪರೀಕ್ಷೆಯಿಂದಲೇ ಬಿಟ್ಟಿದೆ! ಅಂಥವು ಕಡಿಮೆ ಓಡುತ್ತವೆ, ಮಾಲೀಕರು ಜತನದಿಂದ ನೋಡಿಕೊಳ್ಳುತ್ತಾರೆ ಎಂಬುದು ಸಮರ್ಥನೆ. ಹಳೆಯ ಕಾರುಗಳ ಮೇಲೆ ನನಗೂ ಅಕ್ಕರೆಯಿದೆ. ಆದರೂ ಈ ವಾದ ಒಪ್ಪಲಾರೆ. ಪ್ರೀತಿ ಬ್ರೇಕ್ ಹಿಡಿಸುವುದಿಲ್ಲ. ಸುಸ್ಥಿತಿಯ ಕಾರಿಗೆ ಪರೀಕ್ಷೆಯಿಂದ ನಷ್ಟವೂ ಇಲ್ಲ.

ನಮ್ಮಲ್ಲಿ ಪರೀಕ್ಷೆ ಬಿಗಿಯಾಗುವ ಬದಲು ಶುಲ್ಕ ಏರಿದೆ. 15 ವರ್ಷ ದಾಟಿದ ಕಾರಿನ ನವೀಕರಣಕ್ಕಿದ್ದ 600 ರೂಪಾಯಿ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ದಾಟಿದವುಗಳಿಗೆ 2025ರಲ್ಲಿ 10,000. ದೆಹಲಿಯಲ್ಲಂತೂ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷವೆಂದು ವಯಸ್ಸಿನ ಗೆರೆಯನ್ನೇ ಎಳೆದರು. ಚೆನ್ನಾಗಿಟ್ಟ ಕಾರಿಗೂ ಗುಜರಿಯಂಥದ್ದಕ್ಕೂ ಆಗ ಅಲ್ಲಿ ಒಂದೇ ನ್ಯಾಯವಾಗಿತ್ತು. ಪದೇ ಪದೇ ಪರೀಕ್ಷೆಯೆಂದರೆ ದಲ್ಲಾಳಿಗಳಿಗೆ ಸುಗ್ಗಿ ಎಂಬ ಆಕ್ಷೇಪ ಹಗುರವಾದದ್ದಲ್ಲ. ಗಾಡಿಯನ್ನು ಸುತ್ತಿ ನೋಡಿ ಸಹಿ ಹಾಕುವ ಪದ್ಧತಿ ಉಳಿದರೆ ಅದು ನಿಜವೇ ಆಗುತ್ತದೆ. ಸ್ವಯಂಚಾಲಿತ ತಪಾಸಣಾ ಕೇಂದ್ರಗಳು ಬೇಕಿರುವುದು ಅದಕ್ಕಾಗಿಯೇ. ರೋಲರ್ ಮೇಲೆ ನಿಂತ ಕಾರಿನ ಪ್ರತಿ ಚಕ್ರದ ಬ್ರೇಕ್ ಬಲ ಅಂಕಿಯಾಗಿ ದಾಖಲಾಗುತ್ತದೆ. ಎಡಬಲದ ವ್ಯತ್ಯಾಸ ಮಾಲೀಕನಿಗೂ ಕಾಣುತ್ತದೆ. ಅಂಥ ಕೇಂದ್ರಗಳು ತಾಲ್ಲೂಕಿನವರೆಗೆ ಬರಲಿ. ಎಂಟನೇ ವರ್ಷದಿಂದ ಎರಡು ವರ್ಷಕ್ಕೊಮ್ಮೆ, 15ರ ನಂತರ ಪ್ರತಿವರ್ಷ ಬಿಳಿ ಬೋರ್ಡೂ ಅಲ್ಲಿಗೆ ಹೋಗಲಿ. ಶುಲ್ಕ ಪರೀಕ್ಷೆಯ ಖರ್ಚಿಗೆ ತಕ್ಕಷ್ಟಿರಲಿ, ವಯಸ್ಸಿಗೆ ವಿಧಿಸುವ ದಂಡವಾಗದಿರಲಿ.