ಗಿರಣಿ ನಿಂತರೂ ಆರದ ಭಟ್ಟಿ

ದಾವಣಗೆರೆ ವ್ಯಾಪಾರದ ಊರಾದದ್ದು ಹತ್ತಿ ಗಿರಣಿಗಳಿಗಿಂತ ಬಹಳ ಮೊದಲೇ. ಹೈದರ್ ಅಲಿ ಇದನ್ನು ಅಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಗಾಡಿಯೇರಿ ವಾಲಾಜಾಪೇಟೆಗೆ ಹೋದರೆ, ಅತ್ತಲಿಂದ ಮದರಾಸಿನ ಸರಕು ಬರುತ್ತಿತ್ತು. ಇಲ್ಲಿನ ಕಂಬಳಿಗೂ ದೂರದೂರದವರೆಗೆ ಹೆಸರಿತ್ತು. ಬೆಂಗಳೂರು–ಹುಬ್ಬಳ್ಳಿ ರೈಲು ಬಂದ ಮೇಲೆ ಗಾಡಿಯ ಸರಕು ರೈಲು ಹತ್ತಿತು. ಆ ಹಳೆಯ ವಹಿವಾಟಿನ ಗುರುತು ಮಂಡಿಪೇಟೆಯ ಹೆಸರಿನಲ್ಲೇ ಇದೆ.

ಸುತ್ತ ಹತ್ತಿ ಬೆಳೆಯುವ ಎರೆಭೂಮಿ, ಬಾಗಿಲಲ್ಲೇ ರೈಲು, ಮಂಡಿ ವರ್ತಕರ ಕೈಯಲ್ಲಿ ದುಡ್ಡು. 1930ರ ದಶಕದಲ್ಲಿ ರಾಜನಹಳ್ಳಿ ಹನುಮಂತಪ್ಪನವರು ದಾವಣಗೆರೆ ಕಾಟನ್ ಮಿಲ್ ಕಟ್ಟಿದರು. ಊರಿನ ಬಾಯಲ್ಲಿ ಅದು ‘ಡಿಸಿಎಂ’. ಅದರ ಹಿಂದೆ ಇನ್ನೂ ಹಲವು ಗಿರಣಿಗಳು ಎದ್ದವು, ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದೂ ಬಂತು. ಮಳೆಯ ಮ್ಯಾಂಚೆಸ್ಟರಿಗೂ ಈ ಬಿಸಿಲೂರಿಗೂ ನೂಲು ಬಿಟ್ಟರೆ ಬೇರೆ ನಂಟಿಲ್ಲ.

ಗಿರಣಿಯ ದುಡ್ಡು ಗಿರಣಿಯೊಳಗೇ ಉಳಿಯಲಿಲ್ಲ. ಜಿಲ್ಲಾಸ್ಪತ್ರೆಗೆ ಇರುವ ಚಿಗಟೇರಿ ಎಂಬ ಹೆಸರು ಒಂದು ಉದ್ಯಮಿ ಮನೆತನದ್ದು. ಇತ್ತ ಕಾರ್ಮಿಕರೂ ಸಂಘ ಕಟ್ಟಿಕೊಂಡು ಗಟ್ಟಿಯಾದರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿ 1978, 1983 ಮತ್ತು 1985ರಲ್ಲಿ ಇಲ್ಲಿಂದ ವಿಧಾನಸಭೆಗೆ ಆಯ್ಕೆಯಾದರು. ಧಣಿಗಳ ಊರು ಕೆಂಬಾವುಟಕ್ಕೆ ಮೂರು ಸಲ ಓಟು ಹಾಕಿದ್ದು ಕರ್ನಾಟಕದಲ್ಲಿ ಅಪರೂಪದ ಸಂಗತಿಯೇ.

ಪಾಳಿ ಮುಗಿಸಿ ಬಂದವರ ಹೊಟ್ಟೆಗೆ ಅಗ್ಗದಲ್ಲಿ ಸಿಗುತ್ತಿದ್ದದ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಂಡಕ್ಕಿ ಭಟ್ಟಿಗಳದ್ದೇ ಇಲ್ಲೊಂದು ಕೇರಿ ಇದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡಿ, ಉಪ್ಪುನೀರು ತಾಗಿಸಿ, ಕಾದ ಮರಳಿಗೆ ಸುರಿಯುತ್ತಾರೆ. ಎಣಿಸುವಷ್ಟರಲ್ಲಿ ಕಾಳು ಅರಳುತ್ತದೆ, ತಡವಾದರೆ ಕಪ್ಪು. ಜರಡಿಯಲ್ಲಿ ಮರಳು ಇಳಿದು ಬಿಳಿ ಮಂಡಕ್ಕಿ ಮೇಲುಳಿಯುತ್ತದೆ. ಹೊಗೆ, ಬೂದಿ, ಬೆವರು ಅಷ್ಟೂ ಭಟ್ಟಿಯವರ ಪಾಲಿಗೆ.

ಬೆಣ್ಣೆ ದೋಸೆಯ ಹಿಟ್ಟಿಗೂ ಇದೇ ಮಂಡಕ್ಕಿ ಬೀಳುತ್ತದೆ. ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬಾಕೆ 1928ರ ಸುಮಾರಿಗೆ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಮಾರಲು ಕೂತರು, ಅಕ್ಕಿ ಹಿಟ್ಟೂ ಬೆಣ್ಣೆಯೂ ಆಮೇಲೆ ಬಂದವು ಎಂದು ಊರವರು ಹೇಳುತ್ತಾರೆ. ಸೌದೆ ಒಲೆಯ ಕಾವಲಿ, ಅಂಗೈಗಿಂತ ತುಸು ದೊಡ್ಡ ದೋಸೆ, ಅಂಚಿಗೆ ಕರಗಿಳಿಯುವ ಬೆಣ್ಣೆ, ಖಾರ ಕಡಿಮೆಯ ಬಿಳಿ ಕಾಯಿ ಚಟ್ನಿ, ಅರಿಶಿನವಿಲ್ಲದ ಆಲೂಗಡ್ಡೆ ಪಲ್ಯ. ಬೆಂಗಳೂರಿನ ಬೋರ್ಡುಗಳ ಮೇಲೆ ಈಗ ದಾವಣಗೆರೆ ಎಂದರೆ ಇದೇ.

ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ಪಾಲಿಯೆಸ್ಟರ್ ಬಟ್ಟೆ, ಸಾಲ: ದೇಶದ ಬೇರೆಡೆಯ ಗಿರಣಿಗಳನ್ನು ಕೆಡವಿದ್ದೇ ಇಲ್ಲಿನವನ್ನೂ ಒಂದೊಂದಾಗಿ ಮುಚ್ಚಿಸಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲಾ ಕೇಂದ್ರವಾಗುವ ಹೊತ್ತಿಗೆ ಕಾಲೇಜುಗಳೇ ಊರಿನ ದೊಡ್ಡ ಉದ್ಯಮವಾಗಿದ್ದವು. ಬಾಪೂಜಿ ವಿದ್ಯಾಸಂಸ್ಥೆಯ ಮೆಡಿಕಲ್, ಎಂಜಿನಿಯರಿಂಗ್ ಹುಡುಗರು ದೋಸೆ ಹೋಟೆಲಿನ ಬೆಂಚುಗಳನ್ನು ತುಂಬಿದರು. ಎರಡು ವರ್ಷಕ್ಕೊಮ್ಮೆ ನಡೆಯುವ ನಗರದೇವತೆ ದುಗ್ಗಮ್ಮನ ಜಾತ್ರೆಗೆ ಮಾತ್ರ ಇಂದಿಗೂ ಇಡೀ ಊರೇ ಸೇರುತ್ತದೆ. ಗಿರಣಿಯ ಹೆಸರು ಡಿಸಿಎಂ ಟೌನ್‌ಶಿಪ್‌ನಲ್ಲಿ, ಅಲ್ಲಿನ ರೈಲ್ವೆ ಅಂಡರ್‌ಪಾಸಿನಲ್ಲಿ ಉಳಿದಿದೆ. ಆಟೋದವರಿಗೆ ‘ಡಿಸಿಎಂ’ ಎಂದರೆ ಸಾಕು.